ಧರೆಪ್ಪನ ಉಡ

ಆ ಗಾಡಿಗೆ ಕಂಪನಿ ಇಟ್ಟ ಹೆಸರು ಅಥಣಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಬಾನೆಟ್ಟಿನ ಮೇಲಿದ್ದ ಬಿಲ್ಲೆಯನ್ನು ಯಾವ ಪುಣ್ಯಾತ್ಮನೋ ಕಿತ್ತುಕೊಂಡು ಹೋಗಿ ಎಷ್ಟೋ ವರ್ಷವಾಗಿತ್ತು. ಹೀಗಾಗಿ ಊರೇ ಒಂದು ಹೆಸರಿಟ್ಟಿತ್ತು, ಧರೆಪ್ಪನ ಉಡ ಅಂತ. ಹೊಟ್ಟೆಯನ್ನು ನೆಲಕ್ಕೆ ಹಚ್ಚಿಕೊಂಡು ಸರಿದಾಡುವುದಕ್ಕೆ ಮತ್ತೇನು ಹೆಸರಿಡಬೇಕು? ಎರಡೇ ಸೀಟು. ಒಂದು ಕಾಲದ ಕೆಂಪು ಬಣ್ಣ. ಮೇಲೆ ಕ್ಯಾನ್ವಾಸಿನ ಛತ್ತು ಇದ್ದಲ್ಲಿ ಕಬ್ಬಿನ ಟ್ರೇಲರಿನ ಹಳೇ ತಾಡಪತ್ರಿ. ಒಳಗೆ ಕೂತವನ ಕಣ್ಣು ರಸ್ತೆಯಲ್ಲಿ ಹೋಗುವ ಎಮ್ಮೆಯ ಕೆಚ್ಚಲಿಗೆ ಸಮನಾಗಿರುತ್ತಿತ್ತು.

ಇಂಥದ್ದನ್ನು ಅಥಣಿಯ ರಸ್ತೆಯಲ್ಲಿ ದಿನಾಲೂ ಓಡಿಸುವವನಿಗೆ ತಲೆ ಕೆಟ್ಟಿದೆ ಅನ್ನಬೇಕು, ಇಲ್ಲವೇ ಬೇರೆ ದಾರಿ ಇರಲಿಲ್ಲ ಅನ್ನಬೇಕು. ಊರು ಮೊದಲನೆಯದನ್ನೇ ನಂಬಿತ್ತು. ಸತ್ತಿ ರೋಡಿನಲ್ಲಿ ಧರೆಪ್ಪನದೊಂದು ವೆಲ್ಡಿಂಗ್ ಶೆಡ್ಡು, ಅದರ ಹಿಂದೆಯೇ ಮನೆ. ಕಬ್ಬು ಹೇರಿ ಹೇರಿ ಸೊಂಟ ಮುರಿದುಕೊಂಡ ಟ್ರೇಲರುಗಳು ಅಲ್ಲಿಗೆ ಬಂದು ಬೀಳುತ್ತಿದ್ದವು. ಧರೆಪ್ಪ ಎತ್ತರದ ಆಳು. ಬೆಳಿಗ್ಗೆ ಅವನು ಆ ಗಾಡಿಯೊಳಗೆ ತನ್ನನ್ನು ತಾನೇ ಮಡಚಿ ಇಟ್ಟುಕೊಳ್ಳುವುದನ್ನು ನೋಡುವುದೆಂದರೆ ಎದುರಿನ ಚಹಾದಂಗಡಿಯವರಿಗೆ ಪುಕ್ಕಟೆ ತಮಾಷೆ.

"ಧರೆಪ್ಪಾ, ಗಾಡ್ಯಾಗ ಕುಂತೀಯೋ, ಗಾಡೀನ ಉಟ್ಕೊಂಡೀಯೋ?" ಎಂದು ಒಬ್ಬ ಕೇಳಿದರೆ ಉಳಿದವರು ನಗುತ್ತಿದ್ದರು. ಅವನು ಉತ್ತರ ಕೊಡುತ್ತಿರಲಿಲ್ಲ. ಪಕ್ಕದ ಸೀಟಿನಲ್ಲಿದ್ದವಳನ್ನು ಒಮ್ಮೆ ಸರಿಯಾಗಿ ನೋಡಿದ್ದರೆ ಅವರ ನಗು ಅಲ್ಲೇ ನಿಲ್ಲುತ್ತಿತ್ತು. ಆದರೆ ನಗುವವರಿಗೆ ಅಷ್ಟು ಪುರಸೊತ್ತು ಎಲ್ಲಿರುತ್ತದೆ.

ಪಕ್ಕದಲ್ಲಿರುತ್ತಿದ್ದವಳು ಮಗಳು ಸುಂದರಾ. ಇನ್ನೂ ತೊದಲು ಮಾತಾಡುವ ವಯಸ್ಸಿನಲ್ಲಿ ಜ್ವರ ಬಂದು, ಜ್ವರ ಇಳಿದ ಮೇಲೆ ಎರಡೂ ಕಾಲು ಮೇಲೇಳಲಿಲ್ಲ. ಪೋಲಿಯೋ ಅಂದರು. ಆಮೇಲೆ ಆಕೆ ನಡೆದದ್ದೆಲ್ಲ ಕೈಯಿಂದಲೇ. ಎರಡೂ ಅಂಗೈ ನೆಲಕ್ಕೆ ಊರಿ, ಮೈಯನ್ನು ಎತ್ತಿ ಮುಂದಕ್ಕೆ ಇಡುವುದು, ಮತ್ತೆ ಊರುವುದು. ಅಂಗೈಗೆ ದಪ್ಪ ತೊಗಲಿನ ಜೋಡು ಬೇಕಾಗುತ್ತಿತ್ತು. ಅಥಣಿಯ ಚಪ್ಪಲಿ ಕಾಲಿಗೆ ಹಾಕಿಕೊಂಡವರು ಊರೂರಿಗೆ ಇದ್ದಾರೆ, ಕೈಗೆ ಹಾಕಿಕೊಂಡವಳು ಇವಳೊಬ್ಬಳೇ ಇರಬೇಕು. ಆ ಕೈಗಳಿಗೆ ಬಂದಿದ್ದ ಬಲವನ್ನು ನೋಡಿದರೆ ಗಂಡಸರು ಸುಮ್ಮನಾಗಬೇಕು.

ಸಣ್ಣವಳಿದ್ದಾಗ ಧರೆಪ್ಪ ಹೆಗಲ ಮೇಲೆ ಹೊತ್ತು ಶಾಲೆಗೆ ಬಿಟ್ಟು ಬರುತ್ತಿದ್ದ. ಮೈ ನೆರೆದ ಮೇಲೆ ಹೆಗಲು ನಿಂತಿತು. ಬೆಳೆದ ಹುಡುಗಿಯನ್ನು ಓಣಿಯ ನಡುವೆ ಹೊತ್ತುಕೊಂಡು ಹೋಗುವ ರೂಢಿ ನಮ್ಮ ಕಡೆ ಇಲ್ಲ. ಹೆಂಗಸರು ಬಾಯಿಬಿಟ್ಟು ಹೇಳದಿದ್ದರೂ ನೋಟದಲ್ಲೇ ಹೇಳುತ್ತಾರೆ. ಅದೇ ವರ್ಷ ಸೋದರಮಾವನ ಮನೆಯ ಮದುವೆಗೆಂದು ಕಾಗವಾಡಕ್ಕೆ ಹೊರಟಾಗ, ಧರೆಪ್ಪ ಬಸ್ಸಿನ ಮೇಲೆ ಗಂಟು ಏರಿಸುತ್ತಿದ್ದ. ಅವನು ಇಳಿಯುವುದರೊಳಗೆ ಕಂಡಕ್ಟರ್ "ಲಗೂ ಎತ್ತರಿ ಆಕೀನ, ಟೈಮ್ ಆಗೇತಿ" ಎಂದ. ಯಾರೋ ಇಬ್ಬರು ಗುರುತಿಲ್ಲದವರು ಆಕೆಯ ರಟ್ಟೆಗೆ ಕೈ ಹಾಕಿ ಜೋಳದ ಚೀಲದ ಹಾಗೆ ಎತ್ತಿ ಒಳಗಿಟ್ಟರು. ಉಪಕಾರವನ್ನೇ ಮಾಡಿದ್ದರು ಬಿಡಿ. ಇಡೀ ಬಸ್ಸು ತಿರುಗಿ ನೋಡಿತು.

ಮದುವೆ ಮುಗಿಸಿ ಬಂದ ದಿನ ಸುಂದರಾ ಗೋಡೆ ಕಡೆ ಮುಖ ಮಾಡಿ ಕೂತು ಹೇಳಿದಳು, "ಅಪ್ಪಾ, ಇನ್ನ ನನ್ನ ಯಾರೂ ಎತ್ತಬಾರ್ದು. ನೀನೂ ಎತ್ತಬ್ಯಾಡ."

ಹಟದ ಮಾತು, ನಾಲ್ಕು ದಿನಕ್ಕೆ ಇಳಿಯುತ್ತದೆ ಅಂದುಕೊಂಡಳು ತಾಯಿ ಗಿರಿಜವ್ವ. ಇಳಿಯಲಿಲ್ಲ. ಟಾಂಗಾ, ಎತ್ತಿನ ಗಾಡಿ, ಆಟೋ, ಟೆಂಪೋ, ಯಾವುದನ್ನು ಹತ್ತಬೇಕಾದರೂ ಎತ್ತುವವರೊಬ್ಬರು ಬೇಕು. ಯಾವುದನ್ನೂ ಹತ್ತದಿದ್ದರೆ ಆಯಿತು. ಮೂರು ವರ್ಷ ಸುಂದರಾ ಹೊಸ್ತಿಲು ದಾಟಲಿಲ್ಲ. ಒಳಗೆ ಕೂತು ರೊಟ್ಟಿ ಬಡಿದಳು, ಕೌದಿ ಹೊಲಿದಳು, ಓಣಿಯ ಕೂಸುಗಳನ್ನು ಆಡಿಸಿದಳು. ಮಾತು ಮಾತ್ರ ದಿನದಿನಕ್ಕೆ ಕಡಿಮೆಯಾಗುತ್ತ ಬಂತು. ಧರೆಪ್ಪ ಶೆಡ್ಡಿನಲ್ಲಿ ಎಂಥೆಂಥ ಮುರಿದ ಕಬ್ಬಿಣ ಕೂಡಿಸಿದವನು, ಮನೆಯೊಳಗೆ ಬಂದರೆ ಕೈಲಾಗದವನಾಗಿ ಕೂತಿರುತ್ತಿದ್ದ.

ಉಡ ಬಂದದ್ದು ಎಂಬತ್ತೇಳರಲ್ಲಿ, ಶಿರಗುಪ್ಪಿಯಿಂದ. ಅಲ್ಲಿಯ ಕಬ್ಬಿನ ಸಾವಕಾರ ಜಿನ್ನಪ್ಪನಿಗೆ ತನ್ನ ಮದುವೆಯ ವರಾತದ ಮೆರವಣಿಗೆಯನ್ನು ಯಾರೂ ಕಾಣದಂಥ ಗಾಡಿಯಲ್ಲಿ ಮಾಡಿಸಿಕೊಳ್ಳುವ ಹುಕಿ ಬಂದು, ಕೊಲ್ಲಾಪುರದ ಯಾವುದೋ ಸರದಾರರ ವಾಡೆಯಿಂದ ಅದನ್ನು ತರಿಸಿದ್ದ. ವರಾತವೇನೋ ಜೋರಾಗೇ ಹೊರಟಿತು. ಆದರೆ ಊರಬಾಗಿಲ ಮೋರಿಯ ಮೇಲೆ ಗಾಡಿಯ ಹೊಟ್ಟೆ ಸಿಕ್ಕಿ, ಮದುಮಗನ ಸಮೇತ ಅದನ್ನು ಬೀಗರು ಹೊತ್ತು ದಾಟಿಸಬೇಕಾಯಿತು. ಬಾಜಾದವರೂ ನಕ್ಕರು. ಅವತ್ತೇ ಅದು ಬೆಲ್ಲದ ಗಾಣದ ಶೆಡ್ಡು ಸೇರಿ, ಅದರೊಳಗೆ ಕೋಳಿ ಮೊಟ್ಟೆ ಇಡತೊಡಗಿದವು. ಟ್ರೇಲರ್ ರಿಪೇರಿಗೆಂದು ಹೋದ ಧರೆಪ್ಪ ಅದನ್ನು ತಿರುತಿರುಗಿ ನೋಡಿದ. ಇಂಜಿನ್ನು ನೋಡಲಿಲ್ಲ, ಬಣ್ಣ ನೋಡಲಿಲ್ಲ. ಬಾಗಿಲು ತೆಗೆದು, ನೆಲದಿಂದ ಸೀಟಿನವರೆಗೆ ಗೇಣು ಹಾಕಿ ಅಳೆದ.

"ಬೇಕಂದ್ರ ಒಯ್ಯಲೇ ಅದನ್ನ," ಅಂದ ಜಿನ್ನಪ್ಪ. "ನನ್ನ ಕಣ್ಣ ಮುಂದಿಂದ ಹ್ವಾದ್ರ ಸಾಕಾಗೇತಿ."

ಮನೆಯ ಮುಂದೆ ಗಾಡಿ ನಿಲ್ಲಿಸಿ ಬಾಗಿಲು ತೆಗೆದಿಟ್ಟು ಧರೆಪ್ಪ ಒಳಗೆ ಹೋಗಿ ನೀರು ಕೇಳಿದ. ಗಿರಿಜವ್ವ ತಂಬಿಗೆ ಹಿಡಿದು ಬಂದು ಹೊರಗೆ ನೋಡಿದರೆ, ಸುಂದರಾ ಹೊಸ್ತಿಲು ದಾಟಿ ಅಂಗಳದಲ್ಲಿದ್ದಳು. ಒಂದು ಕೈಯನ್ನು ಗಾಡಿಯ ಅಂಚಿಗೆ ಊರಿದಳು, ಇನ್ನೊಂದನ್ನು ಸೀಟಿಗೆ ಊರಿದಳು, ಮೈ ಎತ್ತಿದಳು. ಸೀಟಿನ ಮೇಲೆ ಕೂತು, ಕಾಲು ಎರಡನ್ನೂ ಕೈಯಿಂದ ಎಳೆದು ಒಳಗಿಟ್ಟುಕೊಂಡು ಬಾಗಿಲು ಹಾಕಿಕೊಂಡಳು. ಅಷ್ಟೇ. ಗಿರಿಜವ್ವ ತಂಬಿಗೆ ಅಲ್ಲೇ ಇಟ್ಟು ಸೆರಗು ಬಾಯಿಗೆ ಹಚ್ಚಿಕೊಂಡು ಅತ್ತಳು.

ಮುಂದೆ ಸುಂದರಾಗೆ ಕೆಲಸವೂ ಸಿಕ್ಕಿತು. ಊರಿನ ಆ ತುದಿಯಲ್ಲಿ ಕಮಲಾಬಾಯಿ ಎಂಬ ಜೈನರ ಹೆಣ್ಣುಮಗಳು ಒಂದು ಬಾಲವಾಡಿ ನಡೆಸುತ್ತಿದ್ದರು. ನೆಲದ ಮೇಲೆ ಕೂತ ಮಕ್ಕಳಿಗೆ ನೆಲದ ಮೇಲೆ ಕೂತೇ ಕಲಿಸುವ ಅಕ್ಕಾರು ಬಹಳ ಹಿಡಿಸಿದರು. ತಮ್ಮಷ್ಟೇ ಎತ್ತರದ ದೊಡ್ಡವರನ್ನು ಅವು ಅದೇ ಮೊದಲು ನೋಡಿದ್ದವು. ಕಮಲಾಬಾಯಿ ಹಾಕಿದ್ದು ಒಂದೇ ಕರಾರು: "ಬರೂದು ಹೋಗೂದು ನಿನ್ನ ಜವಾಬ್ದಾರಿ ನೋಡವಾ. ನಿನ್ನ ಎತ್ತಾಕ ಇಳಸಾಕ ನನ್ನ ಕಡೆ ಮಂದಿ ಇಲ್ಲ."

"ಯಾರೂ ಎತ್ತೂದ ಬ್ಯಾಡ್ರಿ ಬಾಯಾರ," ಅಂದಿದ್ದಳು ಸುಂದರಾ.

ಹೀಗೆ ನಾಲ್ಕು ವರ್ಷ ನಡೆಯಿತು. ನಡೆಯಿತು ಅನ್ನುವುದು ಸುಲಭ. ಆ ದಾರಿಯಲ್ಲಿ ಉಡವನ್ನು ಓಡಿಸುವುದು ಎಂಥ ಯಾತನೆ ಎಂದು ಧರೆಪ್ಪನ ಬೆನ್ನಿಗೇ ಗೊತ್ತು. ಹಂಪು ಬಂದರೆ ನೆಟ್ಟಗೆ ಹೋಗುವಂತಿಲ್ಲ, ಓರೆಯಾಗಿ ಒಂದೊಂದೇ ಗಾಲಿ ಹತ್ತಿಸಿ ಇಳಿಸಬೇಕು. ಕಬ್ಬಿನ ಹಂಗಾಮಿನಲ್ಲಿ ಜೋಡಿ ಟ್ರೇಲರುಗಳು ರಸ್ತೆಯನ್ನು ಉತ್ತು ಹೋದ ಮೇಲೆ ನಡುವೆ ಏಳುವ ದಿಬ್ಬ ನೇರವಾಗಿ ಹೊಟ್ಟೆಗೇ ತಾಗುತ್ತದೆ. ಮಳೆಗಾಲದಲ್ಲಿ ಎರೆಮಣ್ಣು. ಇಂಜಿನ್ನಿನ ಕೆಳಗೆ ಎಣ್ಣೆಯ ತೊಟ್ಟಿ ನೆಲಕ್ಕೆ ಬಡಿದು ಸೋರಿದಾಗಲೆಲ್ಲ ಅವನು ಟ್ರೇಲರಿನ ತಗಡು ಕೊಯ್ದು ಬೆಸುಗೆ ಹಾಕುತ್ತಿದ್ದ. ಸೈಲೆನ್ಸರ್ ತಂತಿಯಲ್ಲಿ ಜೋತಾಡುತ್ತಿತ್ತು. ಪ್ರತಿ ಸಲ ಕೆಳಗೆ ಕರ್ ಎಂದು ಸಪ್ಪಳವಾದಾಗ ತಂದೆ ಮಗಳು ಇಬ್ಬರೂ ಉಸಿರು ಹಿಡಿಯುತ್ತಿದ್ದರು. ಗಾಡಿ ನಿಂತರೆ ಬರೀ ಗಾಡಿ ನಿಲ್ಲುವುದಿಲ್ಲ ಎಂದು ಇಬ್ಬರಿಗೂ ಗೊತ್ತಿತ್ತು.

ತೊಂಬತ್ತೊಂದರ ಮಳೆಗಾಲ ಮುಗಿಯುವ ಹೊತ್ತಿಗೆ ನೀರಿನ ಪೈಪು ಹಾಕುವವರು ಬಂದರು. ಊರಿನ ನಡುವೆ ರಸ್ತೆಯನ್ನು ಅಡ್ಡಡ್ಡ ಸೀಳಿ, ಪೈಪು ಇಟ್ಟು, ಮೇಲೆ ಕಲ್ಲುಮಣ್ಣು ಸುರಿದು ಹೋದರು. ಎಲ್ಲಾ ದಾರಿಗೂ ಅದೇ ಗತಿ. ಮೊದಲ ದಿನವೇ ಉಡದ ಹೊಟ್ಟೆ ಆ ಕಲ್ಲಿನ ಮೇಲೆ ಕೂತಿತು. ತೊಟ್ಟಿ ಒಡೆದು ಎಣ್ಣೆಯೆಲ್ಲ ರಸ್ತೆಗೆ ಹರಿಯಿತು. ಟ್ರ್ಯಾಕ್ಟರ್ ಕಟ್ಟಿ ಎಳೆದು ತಂದು, ಬೆಸುಗೆ ಹಾಕಿ, ಮರುದಿನ ಮತ್ತೆ ಹೊರಟರೆ ಮತ್ತೆ ಅಲ್ಲೇ ಒಡೆಯಿತು. ಮೂರನೆಯ ಸಲ ತಗಡು ಬೆಸುಗೆಯನ್ನೇ ಹಿಡಿಯಲಿಲ್ಲ. ರಸ್ತೆ ಸರಿ ಮಾಡುವುದು ಯಾವಾಗ ಎಂದು ಕೇಳಿದರೆ, ಆಗತೈತಿ, ಮಾಡತಾರ ಎಂದರು. ಯಾರು ಎಂದು ಯಾರೂ ಹೇಳಲಿಲ್ಲ.

ಆ ವಾರ ಕಮಲಾಬಾಯಿಯಿಂದ ಮಾತು ಬಂತು. ಮಕ್ಕಳು ಮನೆಗೆ ಹೊಳ್ಳಿ ಹೋಗುತ್ತಿವೆ, ಸೋಮವಾರದಿಂದ ಬರುವುದಾದರೆ ಬಾ, ಇಲ್ಲದಿದ್ದರೆ ಬೇರೆಯವಳನ್ನು ಇಟ್ಟುಕೊಳ್ಳುತ್ತೇನೆ ಎಂದು. ಸುಂದರಾ ಸೋಮವಾರದ ತನಕ ಕಾಯಲಿಲ್ಲ. ಶುಕ್ರವಾರ ಬೆಳಿಗ್ಗೆ ತಂದೆ ಶೆಡ್ಡಿನಲ್ಲಿದ್ದಾಗ, ಕೈಗೆ ತೊಗಲಿನ ಜೋಡು ಹಾಕಿಕೊಂಡು, ಊಟದ ಡಬ್ಬಿ ಕೊರಳಿಗೆ ಕಟ್ಟಿಕೊಂಡು, ಕೈಯ ಮೇಲೆಯೇ ಹೊರಟುಬಿಟ್ಟಳು. ಊರಿನ ಆ ತುದಿಗೆ. ಕಲ್ಲಿನ ಮೇಲೆ, ಎಮ್ಮೆಯ ಸೆಗಣಿಯ ಮೇಲೆ, ಸೈಕಲ್ಲುಗಳ ನಡುವೆ.

ಬಸ್‌ ಸ್ಟ್ಯಾಂಡಿನವರೆಗೆ ಹೋದಳು. ಅಲ್ಲಿ ದಣಿವಾರಿಸಿಕೊಳ್ಳಲು ಗೋಡೆಯ ಬುಡದಲ್ಲಿ ಕೂತಿದ್ದಾಗ, ಬಸ್ಸಿಳಿದು ಬಂದ ಒಬ್ಬ ಮುದುಕಿ "ತಗೋ ಯವ್ವಾ" ಎಂದು ಮುಂದೆ ಎಂಟಾಣೆ ಇಟ್ಟು ಹೋದಳು. ಅದನ್ನು ನೋಡಿ ಇನ್ನೊಬ್ಬರೂ ಇಟ್ಟರು.

ಸುಂದರಾ ಅಲ್ಲಿಂದಲೇ ತಿರುಗಿ ಬಂದಳು. ಅಂಗೈ ಒಡೆದು ಜೋಡಿನೊಳಗೆ ರಕ್ತ ಅಂಟಿತ್ತು. ಗಿರಿಜವ್ವ ಬಿಸಿನೀರು ಹಾಕಿ ತೊಳೆಯುವಾಗ ಆಕೆ ಅಳಲಿಲ್ಲ. "ಅವ್ವಾ, ನನ್ನ ಮುಂದ ರೊಕ್ಕ ಇಟ್ಟ ಹ್ವಾದ್ರು," ಅಂದಳು. ಬಾಗಿಲಲ್ಲಿ ನಿಂತಿದ್ದ ಧರೆಪ್ಪ ಅದನ್ನು ಕೇಳಿ ಹಾಗೇ ಹಿಂದಕ್ಕೆ ಸರಿದ.

ಶೆಡ್ಡಿಗೆ ಹೋದವನೇ, ಪಕ್ಕದಲ್ಲಿ ಟ್ರೇಲರಿಗೆ ಸ್ಪ್ರಿಂಗ್ ಪಾಟಾ ಕೂಡಿಸುತ್ತಿದ್ದ ಗೆಳೆಯ ಅಣ್ಣಾಸಾಬನನ್ನು ಕರೆದ. "ಗಾಡಿ ಎತ್ತರಿಸೂದೈತಿ. ಟ್ರೇಲರಿನ ಪಾಟಾ ಹಾಕು. ಜೀಪಿನ ಗಾಲಿ ಹಾಕು. ಆ ಕಲ್ಲ ಅದರ ಹೊಟ್ಟಿ ಮುಟ್ಟಬಾರ್ದು."

ಅಣ್ಣಾಸಾಬ ಕೆಳಗೆ ಬಗ್ಗಿ ನೋಡಿ, "ಪಾಟಾ ಹಿಡ್ಕೊಂಡಿರೋ ಹಳೇ ಹ್ಯಾಂಗರ್ ಎಲ್ಲಾ ಕೊಯ್ಯಬೇಕಾಗತೈತಿ. ಒಮ್ಮಿ ಕೊಯ್ದ್ರ ಮತ್ತ ಕೂಡೂದಿಲ್ಲ ನೋಡ," ಅಂದ.

"ಕೊಯ್ಯಿ."

ಶನಿವಾರ, ಭಾನುವಾರ ಇಬ್ಬರೂ ಊಟದ ಖಬರಿಲ್ಲದೆ ದುಡಿದರು. ಕೊಯ್ದದ್ದೆಷ್ಟು, ಬೆಸೆದದ್ದೆಷ್ಟು. ಭಾನುವಾರ ಸಂಜೆ ಧರೆಪ್ಪ ಗಾಡಿಯನ್ನು ಪೈಪಿನ ಮೇಲಿನ ಆ ಕಲ್ಲುಮಣ್ಣಿನ ಅಡ್ಡಗಟ್ಟಿನ ಮೇಲೆ ಹತ್ತಿಸಿದ. ಅದು ಉಸಿರೆತ್ತದೆ ದಾಟಿತು. ಹೊರಳಿಸಿಕೊಂಡು ಇನ್ನೊಮ್ಮೆ ದಾಟಿಸಿದ. ಎಷ್ಟೋ ದಿನದ ಮೇಲೆ ಅವತ್ತು ಅವನು ಚಹಾದಂಗಡಿಗೆ ಹೋಗಿ ನಿಂತು ಚಹಾ ಕುಡಿದ. ನಗುವವರ ಜೊತೆ ತಾನೂ ನಕ್ಕ. ಟ್ರೇಲರುಗಳ ನಡುವೆಯೇ ಬಾಳಿದವನು, ಗಾಡಿ ಅಂದರೆ ರಸ್ತೆ ದಾಟುವಂತಿರಬೇಕು ಅನ್ನುವುದಷ್ಟೇ ಅವನ ತಲೆಯಲ್ಲಿತ್ತು. ಬೇರೆ ಯಾರಾದರೂ ಒಂದು ಗಳಿಗೆ ನಿಂತು ಯೋಚಿಸುತ್ತಿದ್ದರೋ ಏನೋ, ಇವನು ಯೋಚಿಸಲಿಲ್ಲ.

ಸೋಮವಾರ ಬೆಳಿಗ್ಗೆ ಸುಂದರಾ ಅಂಗೈಗೆ ಬಟ್ಟೆ ಸುತ್ತಿಕೊಂಡು, ಮೇಲೆ ಜೋಡು ಹಾಕಿಕೊಂಡು ಹೊರಗೆ ಬಂದಳು. ಬಾಗಿಲು ತೆಗೆದೇ ಇತ್ತು. ಕೈಯನ್ನು ಗಾಡಿಯ ಅಂಚಿಗೆ ಒಯ್ದಳು. ಅಂಚು ಆಕೆಯ ಭುಜಕ್ಕೆ ಸಮನಾಗಿತ್ತು. ಒಂದು ಸಲ ಜಗ್ಗಿದಳು. ಮೈ ಅರ್ಧ ಎದ್ದು ಜಾರಿತು. ಇನ್ನೊಂದು ಸಲ ಜಗ್ಗಿದಾಗ ಅಂಗೈಯ ಬಟ್ಟೆ ಕೆಂಪಾಯಿತು. ಆಮೇಲೆ ಕೈ ಇಳಿಸಿ ತಂದೆಯ ಕಡೆ ನೋಡಿದಳು. ಧರೆಪ್ಪನಿಗೆ ತಾನು ಮಾಡಿದ್ದೇನೆಂದು ಆಗ ಹೊಳೆಯಿತು. ನೆಲ ತನ್ನನ್ನು ನುಂಗಬಾರದೇ ಅನ್ನಿಸಿತು ಅವನಿಗೆ.

"ಹುಡುಗೂರು ಕಾಯ್ತಿರತಾವ," ಅಂದಳು ಸುಂದರಾ. ಕಣ್ಣು ಮುಚ್ಚಿಕೊಂಡಳು. "ಎತ್ತು."

ಅವನು ಎತ್ತಿದ. ಏಳು ವರ್ಷದ ಮೇಲೆ. ಮಗಳು ಇಷ್ಟು ಬೆಳೆದಿದ್ದಾಳೆಂದು ತೋಳಿಗೆ ತಿಳಿಯಿತು, ಮೈಯನ್ನು ಎಷ್ಟು ಬಿಗಿ ಹಿಡಿದಿದ್ದಾಳೆಂದೂ ತಿಳಿಯಿತು. ದಾರಿಯುದ್ದಕ್ಕೂ ಗಾಡಿ ಎಲ್ಲೂ ತಾಗಲಿಲ್ಲ, ಎಲ್ಲೂ ಕರ್ ಅನ್ನಲಿಲ್ಲ. ಬಾಲವಾಡಿಯ ಮುಂದೆ ಇಳಿಸುವಾಗ ಮಕ್ಕಳು ಓಡಿ ಬಂದು ಸುತ್ತ ನಿಂತವು. ಒಂದು ಕೂಸು ಬೆರಳು ತೋರಿಸಿ "ಅಕ್ಕಾರನ್ನ ಎತ್ಕೊಂಡಾರ" ಎಂದಿತು. ತನ್ನನ್ನು ಎತ್ತಿಕೊಳ್ಳಿರೆಂದು ಹಟ ಮಾಡುವ ವಯಸ್ಸು, ಅದಕ್ಕೆ ಅದು ಸೋಜಿಗ.

ಸಂಜೆ ಮನೆಗೆ ಬಂದ ಮೇಲೆ ಸುಂದರಾ ಜೋಡು ಬಿಚ್ಚಿ ಗೂಟಕ್ಕೆ ಹಾಕಿದಳು. "ಬಾಯಾರಿಗೆ ಹೇಳಿ ಬಂದೀನಿ, ಬ್ಯಾರೇದವರನ್ನ ನೋಡ್ಕೋರಿ ಅಂತ. ಅಪ್ಪಾ, ನೀ ಏನೂ ಮನಸಿಗೆ ಹಚ್ಕೋಬ್ಯಾಡ." ಹಾಗಂದವಳೇ ಒಳಕೋಣೆಗೆ ಹೋಗಿ ಗೋಡೆ ಕಡೆ ಮುಖ ಮಾಡಿ ಕೂತಳು. ಅದೇ ಗೋಡೆ, ಅದೇ ಮೂಲೆ.

ಧರೆಪ್ಪ ಹೊರಗೆ ಬಂದು ಹಾರೆ ತೆಗೆದುಕೊಂಡ. ಗಾಡಿಯನ್ನು ಒಡೆದು ಹಾಕಬೇಕು ಎಂದೇ ತೆಗೆದುಕೊಂಡಿದ್ದ. ಇಳಿಸಿದರೆ ರಸ್ತೆ ದಾಟುವುದಿಲ್ಲ, ಎತ್ತರಿಸಿದರೆ ಮಗಳು ಹತ್ತುವುದಿಲ್ಲ, ಮತ್ತೆ ಇಳಿಸಲು ಹ್ಯಾಂಗರ್ ಉಳಿದಿಲ್ಲ. ಇಂಥ ಗಾಡಿ ಇದ್ದು ಏನು ಮಾಡುವುದು? ಗಿರಿಜವ್ವ ಬಾಗಿಲಲ್ಲಿ ನಿಂತು "ಏನ ಮಾಡಾಕತ್ತೀರಿ" ಎಂದಳು. ಅವನು ಹಾರೆ ಎತ್ತಿದ. ಆದರೆ ಏಟು ಗಾಡಿಗೆ ಬೀಳಲಿಲ್ಲ, ಗಾಲಿಯ ಪಕ್ಕದ ನೆಲಕ್ಕೆ ಬಿತ್ತು. ಮಳೆಗೆ ಮೆತ್ತಗಾಗಿದ್ದ ನೆಲ ಹಿಡಿಯಷ್ಟು ಎದ್ದಿತು. ಇನ್ನೊಂದು ಏಟು ಹಾಕಿದ. ಮತ್ತೊಂದು ಹಾಕಿದ. ಯಾರ ಮೇಲಿನ ಸಿಟ್ಟೋ, ನೆಲದ ಮೇಲೆ ತೀರುತ್ತಿತ್ತು.

ಹಾಗೆ ಏಟು ಹಾಕುತ್ತಲೇ ಅವನ ಕೈ ನಿಧಾನವಾಯಿತು. ಅವನಪ್ಪ ಗಾಣದ ಕಲ್ಲನ್ನು ಚಕ್ಕಡಿಗೆ ಹೇರಬೇಕಾದಾಗ ಕಲ್ಲನ್ನು ಎತ್ತುತ್ತಿರಲಿಲ್ಲ. ನೆಲದಲ್ಲಿ ಎರಡು ಸಾಲು ತಗ್ಗು ತೋಡಿ, ಚಕ್ಕಡಿಯ ಗಾಲಿಯನ್ನು ಅದರೊಳಗೆ ಇಳಿಸುತ್ತಿದ್ದ. ಆಗ ಚಕ್ಕಡಿಯೇ ಬಗ್ಗುತ್ತಿತ್ತು, ಕಲ್ಲು ಉರುಳಿ ಒಳಗೆ ಹೋಗುತ್ತಿತ್ತು. ಈ ಕಡೆಯ ರೈತರಿಗೆಲ್ಲ ಗೊತ್ತಿರುವ ಕೆಲಸ. ಅದು ನೆನಪಾಗಲು ಧರೆಪ್ಪನಿಗೆ ಇಷ್ಟು ದಿನ ಬೇಕಾಯಿತು. ಅವನು ಗಾಡಿಯನ್ನು ಹಿಂದಕ್ಕೆ ಸರಿಸಿ, ಗಾಲಿಯ ಅಗಲ ಗುರುತು ಹಾಕಿಕೊಂಡು, ಎರಡೂ ತುದಿ ಇಳಿಜಾರಾಗಿರುವಂತೆ ತೋಡತೊಡಗಿದ. ಗಿರಿಜವ್ವ ಬುಟ್ಟಿ ತಂದು ಮಣ್ಣು ಹೊತ್ತಳು.

ಬೆಳಗಾಗುತ್ತಲೇ ಅವನು ಹಾರೆ ಸಮೇತ ಕಮಲಾಬಾಯಿಯ ಬಾಗಿಲಲ್ಲಿದ್ದ.

"ಬಾಲವಾಡಿ ಮುಂದ ತಗ್ಗ ತೋಡ್ತೀಯಾ? ಹುಡುಗೂರು ಬೀಳ್ತಾವಲ್ಲೋ ಧರೆಪ್ಪಾ," ಅಂದರು ಅವರು.

"ಗಾಡಿ ಹ್ವಾದ ಮ್ಯಾಲ ಹಲಗಿ ಮುಚ್ಚತೀನ್ರಿ ಬಾಯಾರ. ಆಕೀ ತಾನ ಇಳೀತಾಳ್ರಿ, ಯಾರೂ ಎತ್ತೂದ ಬ್ಯಾಡ್ರಿ. ಇವತ್ತೊಂದ ದಿನ ನೋಡ್ರಿ."

ಕಮಲಾಬಾಯಿ ಅವನ ಮಣ್ಣಾದ ಕೈ ನೋಡಿದರು. "ಹಲಗಿ ಗಟ್ಟಿ ಇರಲಿ," ಎಂದು ಒಳಗೆ ಹೋದರು.

ಅಲ್ಲಿಯ ತಗ್ಗು ಮುಗಿಸಿ ಬಂದು ಮನೆಯ ಮುಂದಿನ ತಗ್ಗಿಗೆ ಗಾಡಿ ಇಳಿಸಿದ. ಗಾಲಿಗಳು ಒಳಗೆ ಹೋಗಿ ಗಾಡಿ ನೆಲಕ್ಕೆ ಕೂತಿತು. ಒಳಕೋಣೆಗೆ ಹೋಗಿ "ಒಂದ ಸಲ ಬಂದ ನೋಡ ಸುಂದರಾ" ಅಂದ. ಆಕೆ ಬರಲು ಬಹಳ ಹೊತ್ತು ಮಾಡಿದಳು. ಬಂದು, ತಗ್ಗು ನೋಡಿ, ತಂದೆಯ ಮುಖ ನೋಡಿದಳು. ಅಂಚಿಗೆ ಕೈ ಊರಿ ಜಗ್ಗಿದಳು. ಮೈ ಎದ್ದಿತು, ಅಂಚಿನವರೆಗೆ ಬಂದು ಜಾರಿತು. ಧರೆಪ್ಪನ ಕೈ ತಾನಾಗಿಯೇ ಮುಂದೆ ಬಂತು. ಅವನು ಅದನ್ನು ಬೆನ್ನ ಹಿಂದೆ ಒಯ್ದು ಇನ್ನೊಂದು ಕೈಯಿಂದ ಗಟ್ಟಿಯಾಗಿ ಹಿಡಿದುಕೊಂಡ. ಗಿರಿಜವ್ವ ಕಂಬಕ್ಕೆ ಮುಖ ಒತ್ತಿ ನಿಂತಳು.

ಸುಂದರಾ ನೆಲದ ಮೇಲೆ ಕೂತು, ಅಂಚಿನಿಂದ ಕೆಳಗೆ ಬೆರಳಲ್ಲಿ ಅಳೆದು ಹೇಳಿದಳು, "ಇನ್ನೊಂದ ಗೇಣ ತಗಿ ಅಪ್ಪಾ."

ಅವನು ಗಾಡಿ ಹಿಂದೆ ತೆಗೆದು ಇನ್ನೊಂದು ಗೇಣು ತೋಡಿದ. ಆಕೆ ಡಬ್ಬಿಯನ್ನು ತೊಡೆಯ ಮೇಲಿಟ್ಟುಕೊಂಡು ಅಲ್ಲೇ ಕಾದಳು. ಮತ್ತೆ ಗಾಡಿ ಇಳಿಯಿತು. ಈ ಸಲ ಒಂದು ಕೈ ಅಂಚಿಗೆ, ಒಂದು ಕೈ ಸೀಟಿಗೆ. ಸೀಟಿನ ಮೇಲೆ ಕೂತು, ಕಾಲು ಎಳೆದು ಒಳಗಿಟ್ಟುಕೊಂಡು, ಬಾಗಿಲು ಹಾಕಿಕೊಂಡಳು.

ಚಹಾದಂಗಡಿಯಿಂದ ಆ ದಿನವೂ ಮಾತು ಬಂತು. "ಧರೆಪ್ಪಾ, ಊರಾಗಿನ ತಗ್ಗ ಸಾಲಲಿಲ್ಲೇನೋ, ಮನೀ ಮುಂದೂ ತಗದೀ?"

ಧರೆಪ್ಪ ಎಂದಿನಂತೆ ಮೈ ಮಡಚಿಕೊಂಡು ಗಾಡಿಯೊಳಗೆ ಕೂತ. ಕಿಟಕಿಯಿಂದ ತಲೆ ಹೊರಗೆ ಹಾಕಿ ಉತ್ತರ ಕೊಟ್ಟವಳು ಸುಂದರಾ.

"ಅದು ಊರಿನ ತಗ್ಗರಿ ಕಾಕಾ. ಇದು ನಂದು."

ಅಂಗಡಿಯ ಮುಂದೆ ಯಾರೂ ನಗಲಿಲ್ಲ. ಧರೆಪ್ಪ ಗೇರು ಹಾಕಿದ. ಗಾಡಿ ತಗ್ಗಿನಿಂದ ಮೆಲ್ಲಗೆ ಎದ್ದು ರಸ್ತೆಗೆ ಬಂತು.